ರತ್ನಮ್ಮ ಹೇಳಿದ್ದಲ್ಲ

ಜಯಮ್ಮನವರೇ, ನಿಮ್ಮ ಹೆಸರನ್ನು ಮ್ಯಾನೇಜರಿಗೆ ಹೇಳಿದವನು ನಾನು. ರತ್ನಮ್ಮ ಅಲ್ಲ. ಹನ್ನೊಂದು ವರ್ಷದಿಂದ ನೀವು ಯಾರ ಮೇಲೆ ಮುನಿಸಿಕೊಂಡಿದ್ದೀರೋ ಆ ಹೆಂಗಸು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಟ್ಟವನು ನಾನು. ಆಮೇಲೆ ಮುಚ್ಚಿಕೊಂಡವನೂ ನಾನೇ.

ನನ್ನನ್ನು ನೀವು ಮರೆತಿರಲಾರಿರಿ. ಅರಸೀಕೆರೆಯ ಹೊರಗಿನ ತೆಂಗಿನ ನಾರಿನ ಕಾರ್ಖಾನೆಯಲ್ಲಿ ಹಾಜರಿ ಬರೆಯುತ್ತಿದ್ದ ಗುಮಾಸ್ತ, ಹಳೇಬೀಡಿನ ಜೈನರ ಪೈಕಿ, ಪದ್ಮರಾಜ. ಎಲ್ಲರಿಗೂ ನಾನು ಗುಮಾಸ್ತರು. ನಿಮಗೊಬ್ಬರಿಗೆ ಮಾತ್ರ ಮೇಷ್ಟ್ರು. ಊಟದ ಬಿಡುವಿನಲ್ಲಿ ಆರು ಜನ ಹೆಂಗಸರನ್ನು ಕೂರಿಸಿಕೊಂಡು ಅಕ್ಷರ ಹೇಳಿಕೊಡುತ್ತಿದ್ದೆನಲ್ಲ, ಅದಕ್ಕೆ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು ನೀವು. ಆದರೂ ನಿಮ್ಮನ್ನು ನಾನು ಏಕವಚನದಲ್ಲೇ ಕರೆಯುತ್ತಿದ್ದೆ. ಅದೂ ಒಂದು ತಪ್ಪೇ ಎಂದು ಈಗ ಅನ್ನಿಸುತ್ತದೆ — ಆದರೆ ಹೇಳಬೇಕಾದದ್ದು ಅದಲ್ಲ.

ತುರ್ತುಪರಿಸ್ಥಿತಿ ಆಗಷ್ಟೇ ಮುಗಿದಿತ್ತು. ಕಾರ್ಖಾನೆಯ ಗೋಡೆಯ ಮೇಲೆ ‘ಮಾತು ಕಡಿಮೆ, ದುಡಿಮೆ ಹೆಚ್ಚು’ ಎಂದು ಬರೆಸಿದ್ದನ್ನು ಯಾರೂ ಅಳಿಸಿರಲಿಲ್ಲ. ಆ ಸಮಯಕ್ಕೆ ಬೆಂಗಳೂರಿನಿಂದ ಹೊಸ ಮ್ಯಾನೇಜರು ಬಂದರು. ಅವರು ಕೂಗಾಡುವವರಲ್ಲ, ಮೆಲುಮಾತಿನವರು. ಬಂದ ವಾರವೇ ನನ್ನನ್ನು ಕೋಣೆಗೆ ಕರೆದು ಕಾಗದದ ಮೇಲೆ ಒಂದು ತ್ರಿಕೋನ ಬರೆದರು. ತುದಿಯಲ್ಲಿ ಮಾಲೀಕರು, ನಡುವೆ ನಾವು, ಬುಡದಲ್ಲಿ ಕೆಲಸಗಾರರು. ಎಲ್ಲ ಕಡೆ ಮಾತು ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯುತ್ತದೆ, ಕೆಳಗಿನ ಮಾತೂ ಮೇಲಕ್ಕೆ ಹತ್ತಿದರೆ ಮಾತ್ರ ಕಾರ್ಖಾನೆ ಬದುಕುತ್ತದೆ ಎಂದರು. ಕೆಲಸಗಾರ ಬರೀ ಕೂಲಿಗೆ ದುಡಿಯುವುದಿಲ್ಲ. ತನ್ನ ಮಾತನ್ನು ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾದರೆ ಮನಸ್ಸಿಟ್ಟು ದುಡಿಯುತ್ತಾನೆ ಎಂದರು. ಬಿ.ಕಾಂ. ಓದಿ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದ ನನಗೆ ಅಂಥ ಮಾತನ್ನು ಯಾರೂ ಆಡಿರಲಿಲ್ಲ. ಅವರು ಕೊಟ್ಟ ಟೈಪು ಮಾಡಿದ ಟಿಪ್ಪಣಿಗಳನ್ನು ಮೂರು ಸಲ ಓದಿದೆ. ನಂಬಿದೆ. ಈಗಲೂ ಅವು ಪೂರ್ತಿ ಸುಳ್ಳೆಂದು ನನಗನ್ನಿಸುವುದಿಲ್ಲ — ಅದೇ ಕಷ್ಟ.

ಒಂದು ಮರದ ಪೆಟ್ಟಿಗೆ ಮಾಡಿಸಿ ಆ ಗೋಡೆಬರಹದ ಕೆಳಗೇ ತೂಗುಹಾಕಿದೆವು. ಸಲಹಾ ಪೆಟ್ಟಿಗೆ. ಅದರ ಮೇಲೆ ಏನು ಬರೆಯಬೇಕೆಂದು ಮ್ಯಾನೇಜರು ನನ್ನನ್ನೇ ಕೇಳಿದರು. ‘ಹೆಸರು ಬೇಕಿಲ್ಲ, ಹೆದರಬೇಕಿಲ್ಲ’ ಎಂದು ನಾನೇ ಯೋಚಿಸಿ, ನಾನೇ ಕುಂಚ ಹಿಡಿದು ಬರೆದೆ. ಬೀಗದ ಕೈ ನನ್ನ ಹತ್ತಿರವೇ ಇತ್ತು.

ಅದೇ ಮ್ಯಾನೇಜರು, ಅದೇ ತಿಂಗಳು, ಬಿಲ್ಲೆಯ ಪದ್ಧತಿಯನ್ನೂ ತಂದರು. ಅದನ್ನು ನಿಮಗೆ ನಾನು ನೆನಪಿಸಬೇಕೇ? ಒಂದು ಹಿತ್ತಾಳೆ ಬಿಲ್ಲೆ. ಪಾಯಿಖಾನೆಗೆಂದು ಹೊರಕ್ಕೆ ಹೋಗಬೇಕಾದ ಹೆಂಗಸು ಅದನ್ನು ನನ್ನ ಮೇಜಿನಿಂದ ತೆಗೆದುಕೊಂಡು ಹೋಗಬೇಕು, ಬಂದು ಒಪ್ಪಿಸಬೇಕು. ಹೋದ ಹೊತ್ತು, ಬಂದ ಹೊತ್ತು ನಾನು ಬರೆದಿಡಬೇಕು. ನಲವತ್ತು ಹೆಂಗಸರಿಗೆ ಒಂದೇ ಬಿಲ್ಲೆ. ಒಬ್ಬರು ಒಪ್ಪಿಸುವವರೆಗೆ ಇನ್ನೊಬ್ಬರು ಏಳುವ ಹಾಗಿಲ್ಲ. ನನ್ನ ಮೇಜಿನ ಮುಂದೆ ತಲೆ ತಗ್ಗಿಸಿ ಬಿಲ್ಲೆ ಎತ್ತಿಕೊಳ್ಳುತ್ತಿದ್ದ ಕೈಗಳನ್ನು ದಿನವೂ ನೋಡುತ್ತಿದ್ದೆ. ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದೆ. ಏನೂ ಅನ್ನಿಸುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಅನ್ನಿಸಿದ್ದನ್ನು ಹೇಳಬೇಕೆಂದು ಅನ್ನಿಸುತ್ತಿರಲಿಲ್ಲ.

ಪೆಟ್ಟಿಗೆಯಲ್ಲಿ ಮೊದಲ ಮೂರು ವಾರ ಬೀಡಿಯ ತುಂಡು, ನಾರಿನ ಧೂಳು, ಅಷ್ಟೇ. ನಾಲ್ಕನೆಯ ಶನಿವಾರ ಒಂದು ಚೀಟಿ ಸಿಕ್ಕಿತು. ಅದರಲ್ಲಿದ್ದದ್ದು ನನಗೆ ಬಾಯಿಪಾಠ: ‘ಮ್ಯಾನೇಜರ್ ಸಾಯೇಬರಿಗೆ. ಒಂದು ಬಿಲ್ಲೆ ಸಾಲದು. ಎಂಗಸರು ನೀರು ಕುಡಿಯೋದು ಬಿಟ್ಟವರೆ. ಉರಿ ಬತ್ತದೆ. ನಿಮ್ಮ ಮನೇಲೂ ಎಂಗಸರು ಇದಾರೆ.’

ಹೆಸರಿರಲಿಲ್ಲ. ಆದರೆ ‘ನೀರು’ ಎಂಬಲ್ಲಿ ದೀರ್ಘವನ್ನು ಎಳೆದು ಎಳೆದು ಪಕ್ಕದ ಅಕ್ಷರದ ಕೆಳಗೆ ಬಾಲದ ಹಾಗೆ ಬಿಟ್ಟದ್ದಿತ್ತು. ದೀರ್ಘ ಮರೆಯಬೇಡ, ಎದ್ದು ಕಾಣಬೇಕು ಎಂದು ನಿಮಗೆ ನಾನೇ ಹೇಳಿಕೊಟ್ಟಿದ್ದೆ. ಆರು ಜನರಲ್ಲಿ ಹಾಗೆ ಎಳೆಯುತ್ತಿದ್ದವರು ನೀವೊಬ್ಬರೇ.

ಚೀಟಿಯನ್ನು ಮ್ಯಾನೇಜರ ಮುಂದಿಟ್ಟೆ. ಅವರು ಓದಿದರು. ಸಿಟ್ಟಾಗಲಿಲ್ಲ. “ಯಾರು ಬರೆದದ್ದು?” ಎಂದರು. ಹೆಸರು ಬೇಕಿಲ್ಲ ಎಂದು ನಾವೇ ಹೇಳಿದ್ದೇವಲ್ಲ ಸರ್ — ಎಂದು ನಾನು ಹೇಳಲಿಲ್ಲ.

“ಶಿಕ್ಷೆಗಲ್ಲಪ್ಪ,” ಎಂದರು. “ಯಾರ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗ್ಬೇಕಲ್ವಾ?”

“ಜಯಮ್ಮನ ಅಕ್ಷರ ಸರ್. ನಾನೇ ಕಲಿಸಿದ್ದು.”

ಇಷ್ಟೇ. ಯಾರೂ ಹೆದರಿಸಲಿಲ್ಲ, ಆಸೆ ತೋರಿಸಲಿಲ್ಲ. ನನ್ನ ಶಿಷ್ಯೆ ಇಷ್ಟು ಚೆನ್ನಾಗಿ ಬರೆದಿದ್ದಾಳಲ್ಲ ಎಂಬ ಹೆಮ್ಮೆಯಲ್ಲಿ ಬಾಯಿ ತಪ್ಪಿ ಬಂತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆಮ್ಮೆ ಇತ್ತು, ನಿಜ. ಆದರೆ ಬಾಯಿ ತಪ್ಪಿದ್ದಲ್ಲ. ಆ ತ್ರಿಕೋನದಲ್ಲಿ ನನ್ನ ಜಾಗ ಒಂದು ಮೆಟ್ಟಿಲು ಮೇಲಕ್ಕೆ ಹೋಗಲಿ ಎಂಬ ಆಸೆ — ಅದು ನನ್ನೊಳಗೇ ಕೂತಿತ್ತು. ಮ್ಯಾನೇಜರಿಗೆ ನಾನು ಬೇಕಾದವನು ಎಂದು ತೋರಿಸಿಕೊಳ್ಳಲು ಆ ಹೊತ್ತು ನನ್ನ ಹತ್ತಿರ ಇದ್ದದ್ದು ನಿಮ್ಮ ಹೆಸರೊಂದೇ.

ಸೋಮವಾರ ಎರಡು ಕಾಗದ ಸಿದ್ಧವಾದವು. ಎರಡನ್ನೂ ನಾನೇ ಬರೆದೆ. ಒಂದು, ನೋಟಿಸ್ ಬೋರ್ಡಿಗೆ: ಸಲಹೆಯನ್ನು ಆಡಳಿತ ಒಪ್ಪಿದೆ, ಇನ್ನು ಮೇಲೆ ಎರಡು ಬಿಲ್ಲೆ. ಇನ್ನೊಂದು, ನಿಮಗೆ: ಈ ದಿನದಿಂದ ನಿಮ್ಮನ್ನು ಹೊರಗಡೆ ತೆಂಗಿನ ಮಟ್ಟೆ ನೆನೆಹಾಕುವ ಗುಂಡಿಯ ಕೆಲಸಕ್ಕೆ ಹಾಕಲಾಗಿದೆ. “ಸಲಹೆ ಒಳ್ಳೇದೇ,” ಎಂದು ಮ್ಯಾನೇಜರು ನನಗೆ ವಿವರಿಸಿದ್ದರು. “ಆದ್ರೆ ಹೇಳೋ ಧೈರ್ಯ ಇರೋವ್ರು ಹತ್ತು ಜನರ ಮಧ್ಯೆ ಕೂತಿರಬಾರ್ದು.” ಅದು ಅವರ ಟಿಪ್ಪಣಿಗಳಲ್ಲಿ ಇರಲಿಲ್ಲ. ಆದರೆ ಅವತ್ತು ನನಗೆ ಅದೂ ಒಂದು ಪಾಠದಂತೆಯೇ ಕೇಳಿಸಿತು.

ಆ ಕಾಗದವನ್ನು ನಿಮ್ಮ ಕೈಗೆ ಕೊಟ್ಟೆ. ಓದಿ ಹೇಳಲೇ ಎಂದೆ. ನೀವು ಬೇಡವೆಂದಿರಿ. ಬೆರಳಿಟ್ಟುಕೊಂಡು, ಒಂದೊಂದೇ ಅಕ್ಷರ ಕೂಡಿಸಿಕೊಂಡು, ನನ್ನ ಮೇಜಿನ ಮುಂದೆ ನಿಂತು ಗಟ್ಟಿಯಾಗಿ ಓದಿದಿರಿ. ‘ಈ… ದಿನ… ದಿಂದ…’ ನಿಮ್ಮ ಜೀವನದಲ್ಲಿ ನಿಮ್ಮ ಹೆಸರಿಗೆ ಬಂದ ಮೊದಲ ಕಾಗದ ಅದು. ‘ಗುಂಡಿ’ ಎಂಬ ಮಾತು ಬಂದಾಗ ತಪ್ಪು ಓದಿರಬೇಕೆಂದು ಇನ್ನೊಮ್ಮೆ ಓದಿದಿರಿ. ತಪ್ಪು ಓದಿರಲಿಲ್ಲ.

ಸಂಜೆ ಬಸ್ಸಿಗೆ ಹೋಗುವ ಮುಂಚೆ ನನ್ನ ಹತ್ತಿರ ಬಂದಿರಿ.

“ಮೇಷ್ಟ್ರೇ, ಎಸ್ರು ಆಕಿರ್ಲಿಲ್ಲ ನಾನು. ಎಂಗ್ ಗೊತ್ತಾಯ್ತು ಅವ್ರಿಗೆ? ರತ್ನಂಗ್ ಬಿಟ್ರೆ ಯಾರಿಗೂ ಯೋಳಿಲ್ಲ.”

ಆಗಲೇ ಹೇಳಿಬಿಡಬಹುದಿತ್ತು. ನಾನು ಹಾಜರಿ ಪುಸ್ತಕ ಮುಚ್ಚಿದೆ. ಬೇರೆಲ್ಲೋ ನೋಡಿದೆ.

“ಗೊತ್ತಿದ್ದವರು ಒಬ್ಬರೇ ಅಂದ್ರೆ… ಇನ್ನು ನೀನೇ ಯೋಚ್ನೆ ಮಾಡು ಜಯಮ್ಮ.”

ನೋಡಿ, ಹೆಸರು ಹೇಳಲಿಲ್ಲ. ಎಷ್ಟೋ ವರ್ಷ ಈ ಒಂದು ಎಳೆಗೆ ಜೋತುಬಿದ್ದೆ — ನಾನು ರತ್ನಮ್ಮನ ಹೆಸರು ಹೇಳಲಿಲ್ಲ, ಜಯಮ್ಮ ತಾನೇ ಅಂದುಕೊಂಡದ್ದು. ಎಂಥ ಮಾತು! ಯಾವ ಕಡೆಗೆ ನೂಕಿದರೆ ನೀವು ಎಲ್ಲಿ ಬೀಳುತ್ತೀರಿ ಎಂದು ಗೊತ್ತಿದ್ದೇ ನೂಕಿದೆ. ಮೊದಲನೆಯ ತಪ್ಪಿಗೆ ಬೇಕಾದರೆ ವಯಸ್ಸು, ಆಸೆ ಎಂದೇನಾದರೂ ಹೇಳಬಹುದು. ಇದಕ್ಕೆ — ಏನೂ ಇಲ್ಲ.

ಕಣಕಟ್ಟೆಯಿಂದ ಬರುವ ಬೆಳಗಿನ ಮೊದಲ ಬಸ್ಸಿನಲ್ಲಿ ನೀವಿಬ್ಬರೂ ಒಂದೇ ಸೀಟಿನಲ್ಲಿ ಕೂತು ಬರುತ್ತಿದ್ದಿರಿ. ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದಿರಿ. ಮಾರನೆಯ ದಿನದಿಂದ ನೀವು ಮುಂದಿನ ಬಾಗಿಲಿನಿಂದ ಇಳಿದರೆ ಅವರು ಹಿಂದಿನ ಬಾಗಿಲಿನಿಂದ ಇಳಿಯುತ್ತಿದ್ದರು. ಗೇಟಿನಲ್ಲಿ ನಿಂತು ಹಾಜರಿ ಹಾಕುತ್ತಿದ್ದವನು ನಾನೇ ಅಲ್ಲವೇ, ದಿನವೂ ನೋಡುತ್ತಿದ್ದೆ. ರತ್ನಮ್ಮ ಎರಡು ಮೂರು ಸಲ ಗುಂಡಿಯ ಹತ್ತಿರ ನಿಮ್ಮನ್ನು ಮಾತಾಡಿಸಲು ಬಂದದ್ದನ್ನೂ, ನೀವು ಮುಖ ತಿರುವಿದ್ದನ್ನೂ ನೋಡಿದೆ. ಕೊಳೆತ ಮಟ್ಟೆಯ ನೀರಿನಲ್ಲಿ ನಿಂತು ನಿಂತು ನಿಮ್ಮ ಪಾದಗಳು ಬಿರಿದು ಬೆಳ್ಳಗಾದದ್ದನ್ನೂ ನೋಡಿದೆ. ನೋಡುವುದೇ ನನ್ನ ಕೆಲಸವಾಗಿತ್ತು.

ಪಾಠಕ್ಕೆ ನೀವು ಬರುವುದು ನಿಂತಿತು. ಒಂದು ತಿಂಗಳಲ್ಲಿ ಮಿಕ್ಕ ಐವರೂ ನಿಲ್ಲಿಸಿದರು. ಯಾಕಮ್ಮ ಎಂದು ಒಬ್ಬಾಕೆಯನ್ನು ಕೇಳಿದೆ. “ಬೇಡ ಕಣ್ರೀ. ಬರಿಯಕ್ ಬಂದ್ರೆ ತಾನೆ ಸಿಕ್ಕಾಕ್ಕೊಳ್ಳಾದು” ಎಂದಳು. ನಾನು ಸ್ಲೇಟುಗಳನ್ನು ಬೀರುವಿನಲ್ಲಿಟ್ಟೆ.

ಪೆಟ್ಟಿಗೆಗೆ ಮತ್ತೆ ಯಾರೂ ಚೀಟಿ ಹಾಕಲಿಲ್ಲ. ಮಾಲೀಕರು ಬರುವ ದಿನ ಹತ್ತಿರವಾದಾಗ ಮ್ಯಾನೇಜರು, “ನಾಲ್ಕಾರು ಸಲಹೆ ಇದ್ದರೆ ಚೆನ್ನಾಗಿತ್ತು” ಎಂದರು. ಆಗ ನಾನು ಎಡಗೈಯಲ್ಲಿ, ಬೇರೆ ಬೇರೆ ಶಾಯಿಯಲ್ಲಿ, ತಪ್ಪು ತಪ್ಪಾಗಿ ಏಳು ಚೀಟಿ ಬರೆದು ಪೆಟ್ಟಿಗೆಗೆ ಹಾಕಿ, ನಾನೇ ಬೀಗ ತೆಗೆದು ಅವರ ಮುಂದಿಟ್ಟೆ. ಕುಡಿಯುವ ನೀರು ತಂಪಾಗಿದೆ, ಸಂತೋಷ, ಇತ್ಯಾದಿ. ಕೆಳಗಿನಿಂದ ಮೇಲಕ್ಕೆ ಹತ್ತಬೇಕಾದ ಮಾತನ್ನು ನಡುವೆ ಕೂತ ನಾನೇ ಹೊಸೆದು ಕಳಿಸಿದೆ. ಮಾಲೀಕರು ಮೆಚ್ಚಿದರು. ಮರುವರ್ಷದ ಯುಗಾದಿಗೆ ನಾನು ಸೂಪರ್‌ವೈಸರ್ ಆದೆ.

ಮಳೆಗಾಲ ಬರುವ ಮುಂಚೆ ನೀವು ಕೆಲಸ ಬಿಟ್ಟಿರಿ. ಜಾವಗಲ್‌ಗೆ, ಮಗಳ ಮನೆಗೆ ಹೋದಿರಂತೆ ಎಂದು ಯಾರೋ ಅಂದರು. ಭಾನುವಾರ ನಾನು ಊರಿಗೆ ಹೋಗುವ ಬಸ್ಸು ಜಾವಗಲ್ ಮೇಲೆಯೇ ಹೋಗುತ್ತದೆ. ಹತ್ತು ನಿಮಿಷ ನಿಲ್ಲುತ್ತದೆ ಕೂಡ. ಕಿಟಕಿಯಿಂದ ಮುಖ ಒಳಕ್ಕೆ ಎಳೆದುಕೊಂಡು ಕೂರುತ್ತಿದ್ದೆ. ನಮ್ಮ ಬಸದಿಯಲ್ಲಿ ಭಾದ್ರಪದದ ವ್ರತ ಮುಗಿದ ಮೇಲೆ ಒಬ್ಬರಿಗೊಬ್ಬರು ಕೈಮುಗಿದು ವರ್ಷದ ತಪ್ಪುಗಳಿಗೆ ಕ್ಷಮೆ ಬೇಡುವ ದಿನವೊಂದಿದೆ. ಪ್ರತಿ ವರ್ಷವೂ ಬೇಡಿದೆ — ನಾನು ಎಂದೂ ನೋಯಿಸದವರನ್ನೆಲ್ಲ.

ಹೋದ ತಿಂಗಳು ಅರಸೀಕೆರೆಯ ಬಸ್ ನಿಲ್ದಾಣದಲ್ಲಿ ರತ್ನಮ್ಮ ಸಿಕ್ಕಿದರು. ತಲೆ ನರೆತಿದೆ. ನನ್ನನ್ನು ಅವರೇ ಗುರುತು ಹಿಡಿದು ಮಾತಾಡಿಸಿದರು. ಅದೂ ಇದೂ ಮಾತಾಡುತ್ತ ಇದ್ದಕ್ಕಿದ್ದಂತೆ ಕೇಳಿದರು:

“ಜಯಮ್ಮನ್ ಸುದ್ದಿ ಏನಾರ ಗೊತ್ತಾ ಸ್ವಾಮಿ? ನನ್ ಕೂಡೆ ಮಾತ್ ಬಿಟ್ಳು. ಯಾಕ್ ಅಂತ ಇವತ್ಗೂ ಗೊತ್ತಿಲ್ಲ. ಅವ್ಳ್ನ ಗುಂಡಿಗ್ ಆಕ್ದಾಗ ನಾನೂ ಕೆಲ್ಸ ಬಿಟ್ ಬರ್ಲಿಲ್ಲ ಅಂತ ಕ್ವಾಪ ಇರ್ಬೌದು. ನಂಗೂ ಮಕ್ಳಿದ್ವು, ಎಂಗ್ ಬಿಡ್ಲಿ?”

ಜಯಮ್ಮನವರೇ, ನೀವು ಯಾವ ತಪ್ಪು ಹೊರಿಸಿದ್ದೀರಿ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ತಾವಾಗಿ ಬೇರೊಂದು ತಪ್ಪು ಹುಡುಕಿಕೊಂಡು, ಅದಕ್ಕೆ ತಮ್ಮನ್ನು ತಾವೇ ಬೈದುಕೊಂಡಿದ್ದರು.

ಅಲ್ಲೇ, ಕಡಲೆಕಾಯಿ ಮಾರುವವನ ಪಕ್ಕದಲ್ಲಿ ನಿಂತು, ಎಲ್ಲ ಹೇಳಿದೆ. ನಾನು ಹೇಳುತ್ತಿದ್ದ ಹಾಗೆಯೇ ಅವರ ಬಸ್ಸು ಬಂತು. ಅವರು ಹತ್ತಲಿಲ್ಲ, ಅದು ಹೊರಟೂ ಹೋಯಿತು. ನನ್ನ ಮಾತು ಮುಗಿದ ಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿದರು. ನಾನು ಕೈ ಮುಗಿದೆ.

“ನಂಗ್ಯಾಕ್ ಕೈ ಮುಗೀತೀರಿ?” ಎಂದರು. “ನನ್ ಮಗನ್ ಮದ್ವೆಗೆ ಅವ್ಳ್ನ ಕರಿಯಾಕೂ ಎದ್ರಿಕಂಡು ಸುಮ್ಕಾದೆ. ಓಗಿ ಅವ್ಳಿಗ್ ಯೋಳಿ. ರತ್ನ ಅಂಥೋಳಲ್ಲ ಅಂತ ಯೋಳಿ.”

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಎರಡನೆಯ ಸಲ ಕೇಳಲಿಲ್ಲ.

ಅದಕ್ಕೇ ಇದನ್ನು ಬರೆದಿದ್ದೇನೆ. ಅಂಚೆಗೆ ಹಾಕುವುದಿಲ್ಲ — ಹಾಕಿದರೆ ಮತ್ತೆ ಬಚ್ಚಿಟ್ಟುಕೊಂಡಂತೆಯೇ. ಬರುವ ಭಾನುವಾರ ಜಾವಗಲ್‌ನಲ್ಲಿ ಇಳಿದು, ಮನೆ ವಿಚಾರಿಸಿಕೊಂಡು ಬಂದು, ನಿಮ್ಮ ಕೈಗೇ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ಎದುರಿಗೆ ನಿಂತಿರುತ್ತೇನೆ. ಆಮೇಲೆ ನೀವು ಏನಂದರೂ ಸರಿ, ಏನೂ ಅನ್ನದಿದ್ದರೂ ಸರಿ. ನನ್ನ ವಿಷಯಕ್ಕೆ ನೀವು ಏನೂ ಮಾಡಬೇಕಾಗಿಲ್ಲ.

ಆದರೆ ರತ್ನಮ್ಮ ಈಗ ಕಣಕಟ್ಟೆಯ ಆ ಹಳೆಯ ಮನೆಯಲ್ಲಿಲ್ಲ. ಮಗ ಊರ ಹೊರಗೆ, ಹೊಸ ಶಾಲೆಯ ಹಿಂದೆ, ತೋಟದ ಅಂಚಿಗೆ ಹೆಂಚಿನ ಮನೆ ಕಟ್ಟಿಸಿದ್ದಾನೆ, ಬಾಗಿಲು ಮೂಡಲಿಗಿದೆ. ನೀವು ಬರುತ್ತೀರಾ ಎಂದು ಅವರು ನನ್ನನ್ನು ಕೇಳಲಿಲ್ಲ. ಮನೆ ಎಲ್ಲಿದೆ ಎಂಬುದನ್ನು ಮಾತ್ರ ಎರಡು ಸಲ ಹೇಳಿದರು.