ಚಂದ್ರಿಕೆಗೆ ಸಿಕ್ಕಿಸಿದ ಚಮಚಗಳು

ಹೋದ ವಾರ ನಮ್ಮ ಗೌರಿಬಿದನೂರಿನ ಮನೆಯ ಗೇಟಿಗೆ ವೆಲ್ಡಿಂಗ್ ಮಾಡಿಸಿದೆವು. ಕೆಲಸ ಮುಗಿಸಿದ ಮೇಲೆ ಆ ಮನುಷ್ಯ ಚೀಲದಿಂದ ಒಂದು ಸ್ಪ್ರೇ ಡಬ್ಬಿ ತೆಗೆದು ಕುಲುಕಿದ. ಒಳಗಿನ ಗೋಲಿ ಟಕಟಕ ಎಂದಿತು. ಆಮೇಲೆ ಬುಸ್ಸೆಂದು ಬಂದ ಆ ವಾಸನೆ... ಘಾಟು ಎನ್ನುವಂತಿಲ್ಲ, ಸಿಹಿ ಎನ್ನುವಂತೆಯೂ ಇಲ್ಲ, ಮೂಗಿನ ಮೇಲೆಲ್ಲೋ ಹೋಗಿ ತಣ್ಣಗೆ ಕೂರುವಂಥದ್ದು. ನಾನು ಸಾರಿನ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದೆ. ಒಳಗೆ ಒಗ್ಗರಣೆ ಸೀದದ್ದು ಆಮೇಲೆ ತಿಳಿಯಿತು.

ನೆನಪಾದದ್ದು ಶಿಡ್ಲಘಟ್ಟದ ಪಕ್ಕದ ಮನೆಯ ಅಂಕಲ್.

ಮದುವೆಯಾದ ಹೊಸದರಲ್ಲಿ ನಾವು ಅಲ್ಲಿ ಬಾಡಿಗೆಗಿದ್ದೆವು. ನಮ್ಮ ಯಜಮಾನರಿಗೆ ಚಿಂತಾಮಣಿಯಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ನಮ್ಮ ಬೀದಿಯ ಹಿಂದೆಯೇ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಫಿಲೇಚರುಗಳು. ಆ ವಾಸನೆಗೆ ಮೊದಮೊದಲು ನನಗೆ ಊಟವೇ ಸೇರುತ್ತಿರಲಿಲ್ಲ. ಅಂಕಲ್ ಅಂಥದೇ ಒಂದು ಫಿಲೇಚರನ್ನು ಬಹಳ ವರ್ಷ ನಡೆಸಿ, ತಮ್ಮನಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದರು. ಬಿಳಿ ಗಡ್ಡ, ಇಸ್ತ್ರಿ ಮುರಿಯದ ಜುಬ್ಬ. ಉಗುರಿನ ಸಂದಿಯಲ್ಲಿ ಮಾತ್ರ ಯಾವಾಗಲೂ ಏನಾದರೊಂದು ಬಣ್ಣ.

ಪರಿಚಯವಾದದ್ದು ಒಂದು ಬೆಡ್‌ಶೀಟಿನ ದೆಸೆಯಿಂದ. ಮಹಡಿಯ ಮೇಲೆ ಒಣಹಾಕಿದ್ದ ನನ್ನ ಬಿಳಿ ಬೆಡ್‌ಶೀಟಿನ ಒಂದು ಮೂಲೆ, ಪೌಡರ್ ಉದುರಿಸಿದ ಹಾಗೆ, ತಿಳಿ ಗುಲಾಬಿಯಾಗಿತ್ತು. ಎರಡು ಮನೆಯ ಮಹಡಿಗಳ ನಡುವೆ ಒಂದು ಮೋಟುಗೋಡೆ ಅಷ್ಟೇ. ಅದರಾಚೆ ಅಂಕಲ್ ಒಂದು ಕೈಯಲ್ಲಿ ಸ್ಪ್ರೇ ಡಬ್ಬಿ, ಇನ್ನೊಂದು ಕೈಯಲ್ಲಿ ಕಡ್ಡಿಗೆ ಸಿಕ್ಕಿಸಿದ ಅಂಗೈಯಷ್ಟು ದೊಡ್ಡ ಕಾರು ಹಿಡಿದು, ಆ ಗುಲಾಬಿ ಮೂಲೆಯನ್ನೇ ನೋಡುತ್ತಾ ನಿಂತಿದ್ದರು.

“ಗಾಳಿ ತಿರುಗ್ಬಿಡ್ತಮ್ಮಾ,” ಎಂದರು.

ಹಿಂದಿನಿಂದ ಅವರ ಹೆಂಡತಿ, ನಾನು ಆಂಟಿ ಎಂದು ಕರೆಯುತ್ತಿದ್ದವರು, ಬಟ್ಟೆಯ ಬುಟ್ಟಿ ಇಳಿಸುತ್ತಾ ಹೇಳಿದರು. “ಗಾಳಿ ಅಲ್ಲ ಬೇಟಿ, ಇವ್ರ ತಲೆ ತಿರುಗಿರೋದು. ನಮ್ಮನೇಲಿ ಬಿಳೀದು ಅಂತ ಉಳ್ಕೊಂಡಿರೋದು ಇವ್ರ ಗಡ್ಡ ಒಂದೇ!”

ಪ್ಲಾಸ್ಟಿಕ್ಕಿನ ಬಿಡಿ ಭಾಗಗಳ ಡಬ್ಬ ತರಿಸಿ, ಅಂಟಿಸಿ, ಬಣ್ಣ ಹೊಡೆದು, ಪುಟ್ಟ ಕಾರುಗಳನ್ನು ಗಾಜಿನ ಬೀರುವಿನಲ್ಲಿ ಇಡುವುದು ಅಂಕಲ್‌ಗೆ ಗೀಳು. ಅಂಟಿಸುವುದು ಬೇಗ ಮುಗಿಯುತ್ತಿತ್ತು. ಯಾವ ಬಣ್ಣವೆಂದು ಆಯುವುದು ಮುಗಿಯುತ್ತಿರಲಿಲ್ಲ. ಐಸ್‌ಕ್ರೀಮಿನ ಪ್ಲಾಸ್ಟಿಕ್ ಚಮಚಗಳ ಬೆನ್ನಿಗೆ ಮೊದಲು ಪ್ರೈಮರ್, ಅದರ ಮೇಲೆ ಬಣ್ಣ ಹೊಡೆದು ನೋಡುತ್ತಿದ್ದರು. ಆ ಚಮಚಗಳನ್ನು ಒಣಗಲು ಸಿಕ್ಕಿಸುತ್ತಿದ್ದದ್ದು ಒಂದು ಹಳೆಯ ಚಂದ್ರಿಕೆಗೆ. ಹಣ್ಣಾದ ರೇಷ್ಮೆಹುಳುವನ್ನು ಗೂಡು ಕಟ್ಟಲು ಬಿಡುತ್ತಾರಲ್ಲ, ಆ ಬಿದಿರಿನ ಸುರುಳಿಯ ತಟ್ಟೆ. ಹುಳು ಇರಬೇಕಾದ ಕಡೆ ಕೆಂಪು, ನೀಲಿ, ಹಸಿರು ಚಮಚಗಳು. ಯಾರದಾದರೂ ಹುಟ್ಟುಹಬ್ಬಕ್ಕೆ ಹೋದರೆ ನಾನೂ ಚಮಚಗಳನ್ನು ತೊಳೆದು ತಂದು ಮೋಟುಗೋಡೆಯ ಮೇಲೆ ಇಟ್ಟುಬಿಡುತ್ತಿದ್ದೆ.

“ಅಡಿಗಿರೋ ಪ್ರೈಮರ್ ಮುಖ್ಯ ಕಣಮ್ಮಾ,” ಎನ್ನುತ್ತಿದ್ದರು. “ಹಳದಿ, ಕೆಂಪು, ತಿಳೀ ಬಣ್ಣ ಯಾವ್ದಾದ್ರೂ ಸರಿ, ಅಡಿಗೆ ಬಿಳೀದಿರ್ಬೇಕು. ಬೂದು ಹೊಡೆದ್ಬಿಟ್ರೆ ಹಳದಿಗೆ ಜ್ವರ ಬಂದಂಗೆ ಕಾಣ್ತದೆ. ಕಪ್ಪು, ಕಡುನೀಲಿಗೆ ಬೂದು.”

“ಮೂರು ಹೆಣ್ಮಕ್ಳ ಮದ್ವೆ ಸೀರೆಗೆ ಬಣ್ಣ ಹೇಳಿ ಅಂದ್ರೆ, ಯಾವ್ದೋ ಒಂದು ತಗೋ ಅಂದೋರು ಇವ್ರು,” ಎಂದು ಆಂಟಿ ಕೆಣಕುವರು. ಆದರೆ ಚಳಿಗಾಲದ ಬೆಳಿಗ್ಗೆ ಡಬ್ಬಿ ತಣ್ಣಗಾಗಿ ಬಣ್ಣ ಹನಿಹನಿಯಾಗಿ ಬೀಳುತ್ತದೆಂದು, ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ ತಂದುಕೊಡುತ್ತಿದ್ದವರೂ ಅವರೇ. ಚಹಾದ ಪಾತ್ರೆಯಲ್ಲೇ ತರುತ್ತಿದ್ದರು.

ಒಂದು ಸಲ ಹೊಸ ಡಬ್ಬ ಬಂತು. ಬೆನ್ನು ದುಂಡಗಿರುವ ಹಳೇ ಕಾಲದ ಕಾರು. ಅಂಕಲ್ ಅದನ್ನು ಎರಡೂ ಕೈಯಲ್ಲಿ ಹಿಡಿದು, “ಥೇಟ್ ನಮ್ಮ ಅಬ್ಬಾ ಕಾರು,” ಎಂದರು, ತಮ್ಮ ತಂದೆಯದನ್ನು ನೆನೆದು. ನಾನಿದ್ದೆನೆಂದು ಗಂಡ ಹೆಂಡತಿ ಉರ್ದು ಬಿಟ್ಟು ಕನ್ನಡದಲ್ಲೇ ಮಾತಾಡಿದರು. ಆಂಟಿ ಮದುಮಗಳಾಗಿ ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಬಂದದ್ದು ಆ ಕಾರಿನಲ್ಲೇ ಅಂತೆ.

“ನಾನೇ ಅದ್ರಲ್ಲಿ ಕೂತ್ಕೊಂಡು ಬಂದೋಳು, ನಂಗೇ ಅದ್ರ ಬಣ್ಣ ಗೊತ್ತಿಲ್ಲ ನೋಡು ಬೇಟಿ,” ಎಂದು ಆಂಟಿ ನಕ್ಕರು. “ಮುಖದ ತುಂಬ ಕೆಂಪು ದುಪಟ್ಟಾ. ಕಾರೂ ಕೆಂಪು, ರಸ್ತೇನೂ ಕೆಂಪು, ಪಕ್ಕದಲ್ಲಿ ಇವ್ರೂ ಕೆಂಪು. ಹೊಸ ಸೊಸೆ ಮತ್ತೆ ಹೊಸ್ತಿಲು ದಾಟಿ ಹೊರಗೆ ಬರೋಷ್ಟರಲ್ಲಿ ಮಾವ ಅದನ್ನ ಮಾರ್ಬಿಟ್ಟಿದ್ರು. ಇಷ್ಟು ವರ್ಷ ಕೇಳ್ಬೇಕು ಅಂತಾನೂ ಅನ್ನಿಸ್ಲಿಲ್ಲ. ಈಗ ಕೇಳಿದ್ರೆ ಇವ್ರು ಹೇಳಲ್ವಂತೆ!”

“ಬಾಯಲ್ಲಿ ಹೇಳಿದ್ರೆ ಬಣ್ಣ ಆಗ್ತದೇನೇ? ತೋರಿಸ್ತೀನಿ ಇರು,” ಎಂದರು ಅಂಕಲ್.

ಕಾರಿನ ಮೈಗೆ ಬಿಳಿ ಪ್ರೈಮರ್ ಹೊಡೆದು ಒಣಗಿಸಿದರು. ಅಷ್ಟರಲ್ಲಿ ಮಳೆ ಹಿಡಿಯಿತು. ತೇವದ ಗಾಳಿಯಲ್ಲಿ ಹೊಡೆದರೆ ಬಣ್ಣದ ಮೇಲೆ ಮಂಜು ಕಟ್ಟಿದಂತಾಗುತ್ತದೆಂದು ಬಿಸಿಲಿಗಾಗಿ ಕಾದರು. ಬೇರೆಯವರಾಗಿದ್ದರೆ ಫ್ಯಾನಿನ ಕೆಳಗೆ ಹೇಗೋ ಮುಗಿಸಿಬಿಡುತ್ತಿದ್ದರೇನೋ... ಅವರು ಕಾದರು. ಹಾಗೆ ಕಾಯುತ್ತಿರುವಾಗಲೇ ಒಂದು ಬೆಳಿಗ್ಗೆ ಬಚ್ಚಲಿನ ಹತ್ತಿರ ಬಿದ್ದರು.

ಚಿಕ್ಕಬಳ್ಳಾಪುರದ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ಉಳಿದದ್ದು ಅವರ ಮನೆಮಾತಿನ ಎರಡೇ ಶಬ್ದ: ಹೌದು ಎನ್ನಲು ‘ಹೌ’, ಬೇಡ ಎನ್ನಲು ‘ನಕ್ಕೋ’. ಅವೂ ತಲೆಕೆಳಗಾಗಿದ್ದವು. ಚಹಾ ತಂದರೆ ಬಾಯಿ ತೆರೆಯುತ್ತಲೇ “ನಕ್ಕೋ, ನಕ್ಕೋ” ಎನ್ನುವರು. ಕಿಟಕಿ ಮುಚ್ಚಲೇ ಎಂದರೆ “ಹೌ” ಎಂದು, ಮುಚ್ಚಿದರೆ ಕಣ್ಣಲ್ಲಿ ನೀರು ತಂದುಕೊಳ್ಳುವರು. ಎಡಗೈಗೆ ಸ್ಲೇಟು ಕೊಟ್ಟು ನೋಡಿದೆವು. ಗೀಟು ಎಳೆದರು, ಅದರ ಮೇಲೇ ಇನ್ನೊಂದು ಗೀಟು ಎಳೆದರು, ಬಳಪ ಕೆಳಗೆ ಹಾಕಿದರು.

ಆದರೆ ಆ ಎಡಗೈ ಮಾತ್ರ ದಿನವೂ ಗಾಜಿನ ಬೀರುವಿನ ಕಡೆ ಏಳುತ್ತಿತ್ತು. ಅಲ್ಲಿ ಮೇಲಿನ ಅರೆಯಲ್ಲಿ ಆ ಬಿಳಿಯ ಕಾರು.

“ತೋರಿಸ್ತೀನಿ ಅಂದಿದ್ರಲ್ಲ, ಅದೇ ಅವ್ರ ಮನಸ್ಸಲ್ಲಿ ಕೊರೀತಾ ಇದೆ,” ಎಂದರು ಆಂಟಿ. “ನನ್ನ ಬಣ್ಣ ಅವ್ರ ಹೊಟ್ಟೇಲೇ ಉಳ್ಕೊಂಡ್ಬಿಡ್ತು ಬೇಟಿ. ಹೆಂಗಾದ್ರೂ ತೆಗೀಬೇಕು.”

ಫೋನಿನಲ್ಲಿ ನೆಂಟರನ್ನೆಲ್ಲ ಕೇಳಿದರು. ಅಂಕಲ್‌ನ ತಮ್ಮ ಕಪ್ಪು ಎಂದರು, ಆಣೆ ಇಟ್ಟು. ಅಕ್ಕ ಹಸಿರು ಎಂದರು. ಮಾವಿನ ಹಸಿರೋ ಗಿಣಿ ಹಸಿರೋ ಎಂದರೆ ಅದು ತಿಳಿಯದು. ಇನ್ನಾರೋ ಆಕಾಶದ ನೀಲಿ ಎಂದರು. ಇದ್ದ ಒಂದು ಫೋಟೊ ಕಪ್ಪು ಬಿಳುಪಿನದು, ಅದರಲ್ಲೂ ಕಾರಿನ ತುಂಬ ಹೂವಿನ ಸರ. “ಕಪ್ಪಾಗಿದ್ರೆ ಬೂದು ಪ್ರೈಮರ್ ಹೊಡೀತಿದ್ರಲ್ವಾ ಆಂಟಿ?” ಎಂದೆ ನಾನು. ಆಂಟಿಯ ಮುಖ ಅರಳಿತು. ಬಿಳಿ ಹೊಡೆದಿದ್ದರೆಂದರೆ ತಿಳಿಬಣ್ಣ, ಹಳದಿ, ಇಲ್ಲವೇ ಕೆಂಪು... ನಮಗೆ ಗೊತ್ತಾದದ್ದು ಅಷ್ಟೇ.

ಅಂಕಲ್‌ನ ಡಬ್ಬಿಗಳಲ್ಲಿ ಎಷ್ಟೋ ಖಾಲಿಯಾಗಿದ್ದವು. ಪೇಟೆಯ ಹಾರ್ಡ್‌ವೇರ್ ಅಂಗಡಿಯಿಂದ ಆಂಟಿ ಬೈಕಿಗೆ ಹೊಡೆಯುವ ಸ್ಪ್ರೇ ತಂದರು. ಪುಣ್ಯಕ್ಕೆ ಚಮಚದ ಮೇಲೇ ಮೊದಲು ಹೊಡೆದೆವು. ಚಮಚ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಬಗ್ಗಿಹೋಯಿತು. ಕಬ್ಬಿಣಕ್ಕೆಂದು ಮಾಡಿದ್ದು ಪ್ಲಾಸ್ಟಿಕ್ಕನ್ನು ತಿನ್ನುತ್ತದೆಂದು ನಮಗೇನು ಗೊತ್ತು? ಅದೇ ಕಾರಿನ ಮೇಲೆ ಬಿದ್ದಿದ್ದರೆ ಎಂದು ಇಬ್ಬರೂ ಬೆವತೆವು. ಆಮೇಲೆ ನಮ್ಮ ಯಜಮಾನರು ಬೆಂಗಳೂರಿಗೆ ಹೋದಾಗ ಇಂಥ ಕಾರುಗಳಿಗೇ ಮಾಡಿದ ಡಬ್ಬಿಗಳನ್ನು ಹುಡುಕಿ ತಂದರು. ನಾನು ಮಂಚದ ಪಕ್ಕ ಕೂತು, ಕಾನ್ವೆಂಟಿನಲ್ಲಿ ಹಾಜರಿ ಕೂಗುತ್ತಿದ್ದ ಸಿಸ್ಟರ್ ಹಾಗೆ ಡಬ್ಬಿಯ ಮೇಲಿನ ಹೆಸರುಗಳನ್ನು ಓದುತ್ತಿದ್ದೆ: ಐವರಿ, ಸ್ಕೈ ಬ್ಲೂ, ಸೀ ಗ್ರೀನ್... ಯಾವುದಕ್ಕೂ ಅಂಕಲ್‌ನಿಂದ ಹಾಜರಿ ಬರಲಿಲ್ಲ.

ಹೊಡೆದ ಚಮಚಗಳನ್ನೆಲ್ಲ ಚಂದ್ರಿಕೆಗೆ ಸಿಕ್ಕಿಸಿ ಅವರೆದುರು ನಿಲ್ಲಿಸಿದೆವು. ಬಹಳ ಹೊತ್ತು ನೋಡಿ ತಿಳಿ ಹಸಿರಿನದೊಂದನ್ನು ಕಿತ್ತುಕೊಂಡರು. ಆಂಟಿ ದುಪಟ್ಟಾದ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾರನೆಯ ದಿನ ಖಾತ್ರಿಗೆಂದು ಮತ್ತೆ ತೋರಿಸಿದರೆ ಅದನ್ನು ನೂಕಿ ಕೆನೆಬಣ್ಣದ್ದನ್ನು ಹಿಡಿದರು. ಅದರ ಮಾರನೆಯ ದಿನ ನೀಲಿ. ಹಿಡಿದ ಮೇಲೆ ನಮ್ಮ ಮುಖ ನೋಡುವರು, ಅದಲ್ಲ, ಅದಲ್ಲ ಎನ್ನುವ ಕಣ್ಣಲ್ಲಿ. ಬಾಯಿಂದ ಬರುವುದು “ಹೌ”. ಬಣ್ಣ ಅವರ ಒಳಗೆ ಎಲ್ಲೋ ಸರಿಯಾಗಿಯೇ ಇತ್ತು. ಹೊರಗೆ ಬರುವ ದಾರಿಯೇ ಮುರಿದುಹೋಗಿತ್ತು. ನಾವಿಬ್ಬರೂ ಆ ಮುರಿದ ದಾರಿಯ ಈಚೆ ತುದಿಯಲ್ಲಿ ಚಮಚ ಹಿಡಿದು ನಿಂತಿದ್ದೆವು.

ಮಳೆ ಪೂರ್ತಿ ಬಿಟ್ಟು ಬಿಸಿಲು ಕಾದ ಒಂದು ದಿನ ಆಂಟಿ ನನ್ನನ್ನು ಕರೆದರು. ಅಂಕಲ್‌ನನ್ನು ಅಂಗಳದ ಕುರ್ಚಿಯಲ್ಲಿ ಕೂರಿಸಿದ್ದರು. ಚಹಾದ ಪಾತ್ರೆಯಲ್ಲಿ ಒಂದು ಡಬ್ಬಿ ಬೆಚ್ಚಗಾಗುತ್ತಿತ್ತು. ಕೆಂಪು.

“ಅವ್ರು ಕಂಡ ಬಣ್ಣ ನಮ್ಗೆ ಸಿಗಲ್ಲ ಬೇಟಿ. ನಾನು ಕಂಡಿದ್ದನ್ನೇ ಹೊಡಿಯೋಣ,” ಎಂದರು.

ನಾನು ಕಡ್ಡಿಗೆ ಸಿಕ್ಕಿಸಿದ ಕಾರನ್ನು ಹಿಡಿದೆ. ಆಂಟಿ ಅಂಕಲ್‌ನ ಎಡಗೈಯೊಳಗೆ ಡಬ್ಬಿ ಇಟ್ಟು, ಅವರ ಬೆರಳಿನ ಮೇಲೆ ತಮ್ಮ ಬೆರಳಿಟ್ಟು ಒತ್ತಿದರು. ಬಿಳಿಯ ಮೇಲೆ ಮೊದಲು ಗುಲಾಬಿ, ಆಮೇಲೆ ದಾಳಿಂಬೆ ಹೂವಿನ ಕೆಂಪು. ಒಂದು ಕಡೆ ಹೆಚ್ಚಾಗಿ ಸೋರಿತು. ಅಂಕಲ್ ನೋಡುತ್ತಲೇ ಇದ್ದರು. ಇದ್ದಕ್ಕಿದ್ದಂತೆ ಅವರ ಎದೆಯಿಂದ ಒಂದು ಸದ್ದು ಬಂತು. “ನಕ್ಕೋ,” ಎಂದರು, “ಹೌ... ನಕ್ಕೋ... ಹೌ...” ಅದು ನಗುವೋ ಅಳುವೋ, ಗಡ್ಡದ ಮೇಲೆ ಇಳಿದ ನೀರು ಯಾವುದರದೋ... ಆಂಟಿ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಇನ್ನೂ ಒಣಗದ ಕಾರನ್ನು ಅಂಕಲ್ ಎಡಗೈ ಚಾಚಿ ಹಿಡಿದುಬಿಟ್ಟರು. ಅವರ ಬೆರಳಿನ ಗುರುತು ಅದರ ಬೆನ್ನ ಮೇಲೆ ಹಾಗೇ ಉಳಿಯಿತು.

ಆ ಚಳಿಗಾಲ ಕಳೆಯುವ ಮೊದಲೇ ಅವರು ಹೋದರು. ಆಂಟಿ ಕಾರನ್ನು ಸೀರೆಯ ಮಡಿಕೆಯಲ್ಲಿ ಸುತ್ತಿಕೊಂಡು ಚಿಂತಾಮಣಿಯ ಮಗಳ ಮನೆಗೆ ಹೊರಟರು. ನನಗೆ ಒಂದು ಚಮಚ ಕೊಟ್ಟರು, ಬಿಳಿ ಪ್ರೈಮರ್ ಮಾತ್ರ ಹೊಡೆದು ಬಿಟ್ಟಿದ್ದು. ಅದು ಈಗಲೂ ನನ್ನ ದಾರದ ಉಂಡೆಗಳ ಡಬ್ಬಿಯಲ್ಲಿದೆ. ಆಮೇಲೆ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಹೋದ ವರ್ಷ ಮಾಡಿದಾಗ ಎತ್ತಿದ್ದು ಮಗಳು. “ಅಮ್ಮಿ ಹೋಗ್ಬಿಟ್ರು ಅಕ್ಕ,” ಎಂದಳು. ಕಾರು ಈಗ ಎಲ್ಲಿದೆಯೆಂದು ನಾನು ಕೇಳಲಿಲ್ಲ.

“ಪ್ರೈಮರ್ ಆಯ್ತಕ್ಕಾ, ಮೇಲಕ್ಕೆ ಯಾವ ಬಣ್ಣ ಹೊಡೀಲಿ?” ಎಂದ ವೆಲ್ಡಿಂಗಿನವನು.

ಒಳಗಿನಿಂದ ಯಜಮಾನರು, “ನೀನೇ ಹೇಳು,” ಎಂದರು. ನಾನು ಸೌಟು ಹಿಡಿದು ನಿಂತೇ ಇದ್ದೆ. ಒಂದು ಬಣ್ಣದ ಹೆಸರೂ ನಾಲಿಗೆಗೆ ಬರಲಿಲ್ಲ.

“ಇವತ್ತಿಗೆ ಹೀಗೇ ಇರ್ಲಿ,” ಎಂದೆ.

“ಬರೀ ಪ್ರೈಮರ್‌ನಲ್ಲಿ ಬಿಟ್ರೆ ತುಕ್ಕು ಹಿಡಿಯುತ್ತಕ್ಕಾ,” ಎಂದು ಅವನು ನಕ್ಕು, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ. ಒಳಗಿನ ಗೋಲಿ ಬೀದಿಯ ತಿರುವಿನವರೆಗೂ ಟಕಟಕ ಎನ್ನುತ್ತಾ ಹೋಯಿತು. ಗೇಟು ಇನ್ನೂ ಹಾಗೇ ಇದೆ.