ಪುಟ್ಟತಾಯಕ್ಕನ ಅಳತೆ ಪುಸ್ತಕ

ನಾಯಿ ಕಂಡರೆ ಯಾರಾದರೂ ಮೊದಲು ಮುಖ ನೋಡುತ್ತಾರೆ. ಹಿನಕಲ್‌ನ ಪುಟ್ಟತಾಯಕ್ಕ ಮಾತ್ರ ಸೀದಾ ಅದರ ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದರು. ಕುತ್ತಿಗೆಯಲ್ಲಿ ಅಳತೆ ಟೇಪು, ಸೆರಗಿನ ತುದಿಗೆ ಚುಚ್ಚಿದ ಗುಂಡುಪಿನ್ನು. ಹೊಲಿಗೆ ಅಂಗಡಿಯ ಮುಂದೆ ಸಿಮೆಂಟಿನ ಮೇಲೆ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿ ನಾಯಿಯನ್ನು ನಡೆಸುವರು. ಆಮೇಲೆ ಕುಕ್ಕರಗಾಲಲ್ಲಿ ಕೂತು ಹೆಜ್ಜೆ ನೋಡುವರು.

"ಎಡಗಾಲಿನ ಉಗುರು ಎಳೀತದೆ ಕಣಮ್ಮ. ನಂಗೆ ಕಂಡಿದ್ದು ಬರೀ ಅನುಮಾನ, ಎಕ್ಸ್-ರೇ ತೆಗೆಸ್ಬುಡಿ. ಇದ್ರ ಅವ್ವ ಎಂಗಿದ್ಲು?"

ಅವರ ಮೊದಲ ಲ್ಯಾಬ್ರಡಾರ್ ನಾಯಿ ಎರಡೇ ವರ್ಷಕ್ಕೆ ಹಿಂಗಾಲು ಸೋತು ಮಲಗಿತಂತೆ. ಸೊಂಟದ ಕೀಲು ಸಡಿಲ, ಹೆತ್ತವರಿಂದ ಬಂದದ್ದು ಎಂದು ಡಾಕ್ಟರು ಹೇಳಿದ್ದೇ ತಡ, ಈಯಮ್ಮ ರವಿಕೆ ಅಳತೆ ಬರೆಯುವ ಪುಸ್ತಕದಲ್ಲೇ ನಾಯಿಗಳ ಮನೆತನ ಬರೆಯಲು ಶುರುಮಾಡಿದರು. ಯಾವುದು ಯಾರ ಮರಿ, ಯಾವುದಕ್ಕೆ ಕೀಲು, ಯಾವುದಕ್ಕೆ ಕಣ್ಣು. ಬಟ್ಟೆಯ ಚೂರು ಚುಚ್ಚುವ ಜಾಗದಲ್ಲಿ ಒಂದು ಚಿಟಿಕೆ ಕೂದಲು. ಪ್ರತಿ ಸಾಲಿನ ಕೊನೆಗೆ ಮರಿ ಹುಟ್ಟಿದ ಮನೆಯವರ ರುಜು. ಮರಿಗಳ ಹುಟ್ಟುಹಬ್ಬದ ದಿನ ಮನೆಮನೆಗೆ ಫೋನು ಮಾಡಿ ಕಾಲಿನ ಸಮಾಚಾರ ಕೇಳುವರು. "ಮುಖ ನೋಡಿ ಮರುಳಾಗ್ಬ್ಯಾಡಿ, ಮನೆತನ ನೋಡಿ" ಎನ್ನುವುದು ಅವರ ಬಾಯಿಪಾಠ.

ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಸುಮ್ಮನೆ ಮುಚ್ಚಿಡುವುದೇಕೆ, ಅದು ಹೊಟ್ಟೆಕಿಚ್ಚು. ನಾನು ಹೂಟಗಳ್ಳಿಯ ಕಾರ್ಖಾನೆಯ ಕೆಲಸ ಮುಗಿಸಿ ಬಂದು ಬೋಗಾದಿಯ ಮನೆಯಲ್ಲಿ ವರ್ಷಾನುಗಟ್ಟಲೆ ಲ್ಯಾಬ್ ಸಾಕಿದವನು. ನನ್ನ ಸುಲ್ತಾನ ನಾಯಿ ಪ್ರದರ್ಶನದಲ್ಲಿ ಕಪ್ಪು ಗೆದ್ದ ದಿನ, ಕಪ್ಪು ಹಿಡಿದು ನಿಂತವನು ನಾನು. ಜನ ಮುತ್ತಿಕೊಂಡದ್ದು ಪುಟ್ಟತಾಯಕ್ಕನನ್ನು! ಪರಿಚಯವಿಲ್ಲದವರಿಗೆ ಗುರ್ ಎನ್ನುವ ಸುಲ್ತಾನನೂ ಹೋಗಿ ಅವರ ಪಾದದ ಮೇಲೆ ಕೂತ. ಆ ಕಪ್ಪನ್ನು ಒಂದು ವಾರ ಮನೆಯೊಳಗೆ ಇಡಲಿಲ್ಲ.

ಸುಲ್ತಾನನಿಗೂ ನಮ್ಮ ರಾಣಿಗೂ ಏಳು ಮರಿ ಹುಟ್ಟಿದ್ದವು. ಏಳನೆಯದು ಎಂಟು ತಿಂಗಳಿಗೆ ಎರಡೂ ಹಿಂಗಾಲು ಒಟ್ಟಿಗೆ ಎತ್ತಿ ಮೊಲದ ಹಾಗೆ ಕುಪ್ಪಳಿಸತೊಡಗಿತು. ಕೊಂಡವರು ವಾಪಸು ತಂದು ಬಿಟ್ಟರು. ಸುಲ್ತಾನನ ಹೆಸರು ಕೆಡಬಾರದೆಂದು ಅದನ್ನು ಇಲವಾಲದಾಚೆಯ ಒಂದು ಮಾವಿನ ತೋಟಕ್ಕೆ ಸಾಗಹಾಕಿದೆ. ಹುಟ್ಟುಹಬ್ಬದ ಫೋನು ಬಂದಾಗ, ಹುಟ್ಟಿದ್ದು ಆರು ಎಂದೆ.

"ಆರೇನಾ, ಮಾದೇವಣ್ಣ?"

"ಆರೇ ಅಕ್ಕ."

ಅಲ್ಲಿಂದಾಚೆಗೆ ಮರಿಗಾಗಿ ತಮ್ಮ ಹೆಣ್ಣುನಾಯಿಗೆ ಸುಲ್ತಾನನ ಹತ್ತಿರ ಕ್ರಾಸಿಂಗ್ ಮಾಡಿಸುತ್ತೇವೆ ಎಂದವರಿಗೆಲ್ಲ ಆಕೆಯ ಉತ್ತರ ಒಂದೇ: "ವಸಿ ತಡೀರಿ." ಕೆಟ್ಟದ್ದೇನೂ ಹೇಳುತ್ತಿರಲಿಲ್ಲ. ಆದರೆ ಬಂದವರು ಹಿಂದಿರುಗುತ್ತಿದ್ದರು. ಕೊನೆಗೆ ನಮ್ಮ ಬೀದಿಯವರೇ ಹೆಣ್ಣುನಾಯಿಯನ್ನು ಗೇಟಿನಿಂದ ವಾಪಸು ಕರೆದುಕೊಂಡು ಹೋದಾಗ ಸ್ಕೂಟರು ಹತ್ತಿ ಹಿನಕಲ್‌ಗೆ ಹೋದೆ.

"ನಿಮಗೆ ನನ್ನ ನಾಯಿ ಕಂಡ್ರೆ ಹೊಟ್ಟೆಕಿಚ್ಚು ಅಕ್ಕ!" ಎಂದು ಅಂಗಡಿ ಮುಂದೆ ಕೂಗಿದೆ.

ಅವರು ಮಿಷನ್ನು ನಿಲ್ಲಿಸಿ ಪುಸ್ತಕ ತೆಗೆದು ಸುಲ್ತಾನನ ಪುಟ ತೋರಿಸಿದರು. ಏಳು ಸಾಲಿದ್ದವು. ಏಳನೆಯದರಲ್ಲಿ ಗೋಧಿ ಬಣ್ಣದ ಕೂದಲು. ರುಜುವಿನ ಜಾಗ ಖಾಲಿ.

"ತೋಟದವನ ಎಂಡ್ರು ರವಿಕೆ ಒಲ್ಸಾಕೆ ಬಂದಾಗ ಯೋಳುದ್ಲು. ಭಾನುವಾರ ಭಾನುವಾರ ಓಗಿ ಕಾಲು ನೀವ್ಬುಟ್ಟು ಬತ್ತೀನಿ. ಚೆನ್ನಾಗವ್ನೆ."

"ಮತ್ತೆ ಊರಿಗೆಲ್ಲ ಯಾಕೆ ಹೇಳಲಿಲ್ಲ?"

"ನಾನು ಯೋಳುದ್ರೆ ಚಾಡಿ ಆಯ್ತದೆ ಕಣಣ್ಣ. ನೀವು ಬರುದ್ರೆ ದಾಖಲೆ." ಪೆನ್ನು ಮುಂದಿಟ್ಟರು.

ನಾನು ಮುಟ್ಟಲಿಲ್ಲ. ಸ್ಕೂಟರು ತಿರುಗಿಸಿ ಬಂದುಬಿಟ್ಟೆ. ಅದೇ ಕೊನೆಯ ಭೇಟಿ. ಮೂರು ವಾರದ ಮೇಲೆ, ಹೊಲಿಯುತ್ತ ಕೂತಲ್ಲೇ ಎದೆನೋವು ಬಂದು ಹೋಗಿಬಿಟ್ಟರು.

ತಿಥಿಯ ದಿನ ಅವರ ಮಗಳ ಹತ್ತಿರ ಪುಸ್ತಕ ಕೇಳಿ ಏಳನೆಯ ಸಾಲಿಗೆ ರುಜು ಹಾಕಿದೆ. ಸುಲ್ತಾನನನ್ನು ಇನ್ನು ಕ್ರಾಸಿಂಗ್‌ಗೆ ಬಿಡುವುದಿಲ್ಲ ಎಂದು ಅದರ ಕೆಳಗೆ ಬರೆದೆ.

ಮುಂದಿನ ಭಾನುವಾರ ತೋಟಕ್ಕೆ ಹೋದೆ. ಗೇಟಿನ ಸದ್ದಿಗೆ ಆ ಏಳನೆಯವನು ಕುಪ್ಪಳಿಸುತ್ತ ಓಡಿ ಬಂದ. ನನ್ನ ಕೈ ಮೂಸಿದ. ಕಾಲು ನೀವೋಣವೆಂದು ಕೂತೆ. ಅವನು ನನ್ನನ್ನು ದಾಟಿ ಗೇಟಿನ ಹತ್ತಿರ ಹೋಗಿ ರಸ್ತೆ ನೋಡುತ್ತ ಕೂತ. ಕರೆದೆ, ತಿರುಗಲಿಲ್ಲ. ನನ್ನ ಮನೆಯಲ್ಲಿ ಹುಟ್ಟಿದವನು! ಸತ್ತು ಹೋದ ಆ ಹೆಂಗಸಿನ ಮೇಲೆ ನನಗೆ ಮತ್ತೆ ಹೊಟ್ಟೆ ಉರಿಯಿತು.