ಇರುವೆ ದಡಿ ಹೊಳೆದದ್ದು ಯಾರಿಗೆ

ಸತ್ಯವನ್ನು ಮುಂದಿನ ತಲೆಮಾರಿಗೆ ಬರೆದಿಡುವುದು ಮನುಷ್ಯನ ಹೊಣೆಗಳಲ್ಲೆಲ್ಲ ಘನವಾದದ್ದು. ನಾನು ಆ ಹೊಣೆ ಹೊತ್ತದ್ದು ರಬಕವಿಯ ನಮ್ಮ ಸೀರೆ ಅಂಗಡಿಯ ಮೂಲೆಯಲ್ಲಿ, ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನ ಮುಂದೆ, ಅದೂ ನಾಲ್ಕು ಸೀರೆ ಹೆಚ್ಚು ಹೋಗಲಿ ಎಂಬ ಆಸೆಯಿಂದ.

ಎರಡು ಸಾವಿರದ ಹತ್ತರ ಸುಮಾರಿಗೆ ಜಮಖಂಡಿಯ ಸೈಬರ್ ಕೆಫೆಯವನು ಅಂಗಡಿಗೊಂದು ಬ್ಲಾಗು ತೆರೆದುಕೊಟ್ಟ. "ಸೀರಿ ಫೋಟೋ ಎಲ್ಲಾರೂ ಹಾಕತಾರ್ರಿ. ನೀವು ಕತಿ ಹಾಕ್ರಿ," ಎಂದು ಉಪದೇಶವನ್ನೂ ಕೊಟ್ಟ.

ಕತೆ ನಮ್ಮಲ್ಲಿ ಒಂದಿತ್ತು. ಅಂಗಡಿ ನಿಂತದ್ದೇ ಇರುವೆ ದಡಿಯ ಮೇಲೆ. ಸೀರೆಯ ಅಂಚಿನುದ್ದಕ್ಕೂ ಸಣ್ಣ ಸಣ್ಣ ಕರಿ ಚುಕ್ಕೆ, ಸಾಲುಗಟ್ಟಿ ಹೊರಟ ಇರುವೆಗಳಂತೆ. ಮುಧೋಳ, ಬೀಳಗಿ ಕಡೆಯ ಹೆಂಗಸರು ಬಸ್ಸಿಳಿದು ಬಂದು "ಇರುವಿ ದಡಿ ತೋರಸ್ರಿ" ಎಂದೇ ಕೇಳುತ್ತಿದ್ದರು. ಅದು ಹೊಳೆದದ್ದು ಕಾಕಾನಿಗೆ. ಸಂಬಂಧದಿಂದ ಕಾಕಾ ಅಲ್ಲ. ನಮ್ಮ ತಂದೆಗೆ ಮೊಟ್ಟಮೊದಲ ಸೀರೆಗಳನ್ನು ನೇಯ್ದುಕೊಟ್ಟ ನೇಕಾರರು. ಗಂಜಿ ಹಾಕಿದ ನೂಲಿಗೆ ಇರುವೆ ಮುತ್ತಿದ್ದನ್ನು ಕಂಡು, ಓಡಿಸುವುದು ಬಿಟ್ಟು, ಮೂರು ದಿನ ನೋಡುತ್ತ ಕೂತಿದ್ದರಂತೆ.

ಆದರೆ ಬ್ಲಾಗಿನಲ್ಲಿ ನಾನು ಬರೆದದ್ದು ಹೀಗೆ: ನಮ್ಮ ತೀರ್ಥರೂಪರು ಮುಂಜಾನೆ ಧ್ಯಾನದಲ್ಲಿದ್ದಾಗ ಗೋಡೆಯ ಮೇಲಿನ ಇರುವೆ ಸಾಲಿನಿಂದ ಸ್ಫೂರ್ತಿ ಪಡೆದರು. ತೀರ್ಥರೂಪರು ಸೀರೆ ಗಂಟು ಕಟ್ಟಿಕೊಂಡು ಊರೂರು ತಿರುಗಿದವರು. ಸೈಕಲ್ಲಿನ ಸೀಟು ಬಿಟ್ಟರೆ ಬೇರೆಲ್ಲೂ ಅಷ್ಟು ಹೊತ್ತು ಕೂತವರಲ್ಲ. ಹಾರ ಹಾಕಿದ ಅವರ ಫೋಟೋ ಅಂಗಡಿಯಲ್ಲಿತ್ತು, ಕಾಕಾನದು ಇರಲಿಲ್ಲ ಎಂಬುದು ನನಗೆ ನಾನೇ ಕೊಟ್ಟುಕೊಂಡ ಕಾರಣ. ಹೆಸರು ಹಂಚಿದರೆ ನಮ್ಮ ಮನೆತನದ ಪಾಲು ಕಡಿಮೆಯಾದೀತು ಎಂಬುದು ಖರೆ ಕಾರಣ.

ಕಾಕಾನ ಕಣ್ಣು ಆಗಲೇ ಮಂಜಾಗಿತ್ತು. ದಿನಾ ಮಧ್ಯಾಹ್ನ ಚಹಾಕ್ಕೆ ಅಂಗಡಿಗೆ ಬರುವ ವಾಡಿಕೆ. ಸುದ್ದಿ ಕೇಳಿದ್ದರು.

"ಇರುವಿ ದಡಿದು ಬರದಿಯಂತಲ್ಲೋ. ಓದಪಾ, ಕೇಳೂನು."

ಓದಿದೆ. ಧ್ಯಾನದ ಸಾಲು ಬಂದಾಗ ನಾಲಿಗೆ ತಾನೇ ಬೇರೆ ದಾರಿ ಹಿಡಿಯಿತು. ಕಾಕಾನ ಹೆಸರು ಹೇಳಿ, "ಮಗ್ಗದ ಮುಂದೆ ಮೂರು ದಿನ ಕೂತು" ಎಂದೆಲ್ಲ ಸೇರಿಸಿದೆ. ಪರದೆಯ ಮೇಲೆ ಇರದ ಆ ಸಾಲೇ ಇಡೀ ಬ್ಲಾಗಿನಲ್ಲಿ ಚೆನ್ನಾಗಿತ್ತು. ಕಾಕಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು.

ಅವತ್ತೇ ತಿದ್ದಬಹುದಿತ್ತು. ಐದು ನಿಮಿಷದ ಕೆಲಸ. ಕರೆಂಟೂ ಇತ್ತು.

ಮರುದಿನ ಅವರು ತಮ್ಮ ಹಳೆಯ ಗೆಳೆಯನನ್ನು ಕರೆತಂದರು. ಆತನೂ ನೇಕಾರ. "ನನ್ನ ಹೆಸರ ಬಂದೈತಿ ಅಂದ್ರ ನಂಬವಲ್ಲ ಈ ಮಗ. ಇನ್ನೊಮ್ಮೆ ಓದು."

"ರೇಷನ್ ಕಾರ್ಡಿನಾಗ ಬಿಟ್ರ ನಿನ್ನ ಹೆಸರ ಎಲ್ಲಿ ಬಂದಿತ್ತಲೇ?" ಎಂದ ಗೆಳೆಯ, ಚಷ್ಮಾ ಏರಿಸಿ ನನ್ನ ಹೆಗಲ ಮೇಲಿಂದ ಪರದೆ ನೋಡತೊಡಗಿದ. ಅವನಿಗೆ ಓದು ಬರುತ್ತಿತ್ತು. ಗಾಬರಿಯಲ್ಲಿ ಓದುತ್ತ ನಾನು "ನಾಲ್ಕು ದಿನ ಕೂತು" ಎಂದುಬಿಟ್ಟೆ.

"ಹಂಗ ಐತಿಲ್ಲೋ?" ಕಾಕಾ ಅವನನ್ನು ಕೇಳಿದರು.

ಗೆಳೆಯ ಪರದೆ ನೋಡಿದ. ನನ್ನನ್ನು ನೋಡಿದ. ಚಷ್ಮಾ ಮಡಚಿ ಕಿಸೆಗೆ ಹಾಕಿಕೊಂಡ.

"ಹಾಂ. ಹಂಗ ಐತಿ."

ಕಾಕಾ ಬೆರಳು ಮಡಚಿದರು. ಎಳೆ ಎಣಿಸಿ ಬಾಳು ಮಾಡಿದ ಮನುಷ್ಯ.

"ನಿನ್ನಿ ಮೂರು ದಿನ ಇತ್ತು. ಇವತ್ತ ನಾಕ ಆತು. ಕಂಪ್ಯೂಟರದಾಗ ಬರದದ್ದು ಬೆಳೀತೈತೇನೋ ತಮ್ಮಾ?"

ಬಂದ ಚಹಾವನ್ನು ಮುಟ್ಟದೆ, ಗೆಳೆಯನ ಹೆಗಲು ಹಿಡಿದು ಮೆಟ್ಟಿಲಿಳಿದರು.

ಆ ಸಂಜೆ ತಂದೆಯ ಧ್ಯಾನವನ್ನು ಅಳಿಸಿ, ಕಾಕಾನ ಹೆಸರು, ಮಗ್ಗ, ಮೂರು ದಿನ ಎಲ್ಲವನ್ನೂ ಬರೆದೆ. ಮುಂಜಾನೆ ಅವರ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದರು.

"ಈಗ ಖರೇನ ಬರದೀನ್ರಿ ಕಾಕಾ. ಹೇಳಲೇನು?"

"ಮೊದಲ ಸಲ ಕೇಳಿದಾಗ ಭಾಳ ಛಲೋ ಅನಿಸಿತ್ತು," ಎಂದರು. ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. "ಇನ್ನ ಏನ ಓದಿದ್ರೂ, ಅಲ್ಲಿ ಐತೋ ಇಲ್ಲೋ ಅಂತ ನಾ ಹೆಂಗ ತಿಳಕೊಳ್ಳಲಿ? ನನ್ನ ಹೆಸರ ತಗದಬಿಡು. ಎಲ್ಲೂ ಹಾಕಬ್ಯಾಡ."

ಹೆಸರು ತೆಗೆದೆ. ಇರುವೆ ದಡಿ ಹೊಳೆದದ್ದು ಒಬ್ಬ ನೇಕಾರರಿಗೆ ಎಂದಷ್ಟೇ ಈಗ ಅಲ್ಲಿದೆ. ಕಾಕಾ ಮತ್ತೆ ಅಂಗಡಿಗೆ ಚಹಾಕ್ಕೆ ಬರಲಿಲ್ಲ.